ಹೇಮಶ್ರೀಗೆ ಕೇಳಿಸಿದ ಚೆಲ್ಲೊ

ಒಂದು ಜ್ವರದ ನಂತರ ಹೇಮಶ್ರೀ ತನ್ನ ನೃತ್ಯ ತರಗತಿಯನ್ನು ಮುಚ್ಚಿದಳು. ಜ್ವರವೇನೋ ಬಿಟ್ಟಿತು, ಆದರೆ ಹೋಗುವಾಗ ಅವಳ ಕಿವಿಯನ್ನೂ ಮುಕ್ಕಾಲು ಪಾಲು ಕೊಂಡುಹೋಗಿತ್ತು. ಏರಿದ ಸ್ವರಗಳು ಇನ್ನು ಕೇಳುವುದಿಲ್ಲ, ತಗ್ಗಿನವು ಸ್ವಲ್ಪ ಉಳಿದಿವೆ ಎಂದು ಮಂಗಳೂರಿನ ವೈದ್ಯರು ಕಿವಿಯಂತ್ರ ಕೊಟ್ಟು ಕಳಿಸಿದರು. ಎದುರು ಕುಳಿತು ನಿಧಾನವಾಗಿ ಮಾತಾಡಿದರೆ ಅವಳಿಗೆ ತಿಳಿಯುತ್ತಿತ್ತು. ಸಂಗೀತಕ್ಕೆ ಮಾತ್ರ ಆ ಯಂತ್ರ ಸಾಲಲಿಲ್ಲ. ತಾಳದ ಸದ್ದು ಹೋಯಿತು, ಹಾಡುವವರ ದನಿ ಹೋಯಿತು. ಫೋನಿನಲ್ಲಿ ಏನು ಹಾಕಿದರೂ ತಗಡು ಕೆರೆದಂತೆ ಇರುತ್ತಿತ್ತು. ಪುತ್ತೂರಿನಲ್ಲಿ ಹತ್ತು ಹದಿನೈದು ವರ್ಷ ಭರತನಾಟ್ಯ ಕಲಿಸಿದವಳು ಗಂಡ ಉದಯನ ಪೈಂಟಿನ ಅಂಗಡಿಯಲ್ಲಿ ಕುಳಿತು, ಗಿರಾಕಿಗಳು ಬೆರಳಿಟ್ಟು ತೋರಿಸಿದ ಬಣ್ಣದ ಡಬ್ಬಿ ತೆಗೆದುಕೊಡತೊಡಗಿದಳು.

ಹಾಗೆ ಎರಡು ವರ್ಷ ಕಳೆದ ಮೇಲೆ ತೃಷಾ ಬಂದಳು. ಪಕ್ಕದ ಸವಣೂರಿನ ಹುಡುಗಿ, ಚಿಕ್ಕವಳಿದ್ದಾಗ ಹೇಮಶ್ರೀಯ ತರಗತಿಗೆ ಬರುತ್ತಿದ್ದಳು. ಅವಳ ಕಾಲು ಯಾವಾಗಲೂ ಹಿಂದೆ, ಕಿವಿ ಮಾತ್ರ ಬಹಳ ಚುರುಕು. ಅದನ್ನು ಗಮನಿಸಿ ಅವಳನ್ನು ಪಿಟೀಲು ಮೇಷ್ಟ್ರ ಬಳಿ ಕರೆದುಕೊಂಡು ಹೋದವಳು ಹೇಮಶ್ರೀಯೇ. ಪಿಟೀಲಿನಿಂದ ತೃಷಾ ಚೆಲ್ಲೊ ಕಡೆಗೆ ಹೋದಳು. ಈಗ ಗೋವಾದಲ್ಲಿದ್ದುಕೊಂಡು ಮುನ್ನೂರು ವರ್ಷ ಹಿಂದಿನ ಯುರೋಪಿನ ಸಂಗೀತವನ್ನು, ಬರೋಕ್ ಎಂದು ಕರೆಯುವುದನ್ನು, ನುಡಿಸುತ್ತಿದ್ದಳು. ಸುಳ್ಯದ ತೀರ್ಥರಾಮ ಎಂಬ ಕಲಾಸಕ್ತರು ಮುಂದಿನ ತಿಂಗಳು ಅಲ್ಲಿ ಅವಳದೊಂದು ಕಛೇರಿ ಏರ್ಪಡಿಸಿದ್ದರು. ಆ ಸಲುವಾಗಿ ಊರಿಗೆ ಬಂದವಳು ಆಳೆತ್ತರದ ಪೆಟ್ಟಿಗೆಯನ್ನು ಹೊತ್ತುಕೊಂಡು ಸೀದಾ ಟೀಚರ ಮನೆಗೆ ಬಂದಿದ್ದಳು.

"ನನಗೆ ಎಂತದೂ ಕೇಳುದಿಲ್ಲ ತೃಷಾ. ಸುಮ್ಮನೆ ನಿನಗೆ ಬೇಸರ," ಎಂದಳು ಹೇಮಶ್ರೀ.

"ನೀವು ಕೂತ್ಕೊಳ್ಳಿ ಟೀಚರ್. ಕೇಳದಿದ್ರೆ ನಿಲ್ಲಿಸ್ತೇನೆ."

ತೃಷಾ ಆ ದೊಡ್ಡ ಪಿಟೀಲಿನಂಥ ವಾದ್ಯವನ್ನು ಎರಡು ಮೀನಖಂಡಗಳ ನಡುವೆ ಹಿಡಿದು ಕುಳಿತಳು. ಅದಕ್ಕೆ ಇದ್ದದ್ದು ಹಳೆಯ ಕ್ರಮದ ಕರುಳಿನ ತಂತಿ. ಶ್ರುತಿಯೂ ಈಗಿನದಕ್ಕಿಂತ ಅರ್ಧ ಸ್ವರ ಕೆಳಗೆ. ಅವಳು ಎಲ್ಲಕ್ಕಿಂತ ದಪ್ಪ ತಂತಿಯ ಮೇಲೆ ಕಮಾನನ್ನು ಎಳೆದಳು.

ಹೇಮಶ್ರೀ ತಗಡಿನ ಸದ್ದಿಗೆ ಸಿದ್ಧಳಾಗಿದ್ದಳು. ಆದರೆ ಬಂದದ್ದು ಸ್ವರ. ಹುಟ್ಟಿ, ತುಂಬಿಕೊಂಡು, ತಾನಾಗಿ ಇಳಿದುಹೋದ ಒಂದು ಇಡೀ ಸ್ವರ. ಅದರ ಬೆನ್ನಿಗೆ ಇನ್ನೊಂದು. ಅವಳಿಗೆ ನಗು ಬಂದುಬಿಟ್ಟಿತು. ಅಡುಗೆಮನೆಯಲ್ಲಿದ್ದ ಉದಯ, ಹೆಂಡತಿ ನಗುವುದು ಕೇಳಿ ಲೋಟ ಹಿಡಿದುಕೊಂಡೇ ಹೊರಗೆ ಬಂದ.

"ಮೇಲೆ ಹೋದಾಗ ಕಳೆದುಹೋಗ್ತದೆ," ಎಂದಳು ಹೇಮಶ್ರೀ. "ಕೆಳಗೆ ಬಂದಾಗ ಮತ್ತೆ ಸಿಗ್ತದೆ."

"ಹಾಗಾದ್ರೆ ಮೇಲೆ ಇರುವಾಗ ನನ್ನ ಕೈ ನೋಡಿ, ಉಸಿರು ನೋಡಿ. ಇದರ ಹೆಸರು ಸರಬಾಂದ್. ಒಂದು ಕಾಲದಲ್ಲಿ ಜನ ಕುಣಿಯುತ್ತಿದ್ದ ಲಯ ಇದು. ಈಗ ಎಲ್ಲರೂ ಕೂತು ಕೇಳುದು ಮಾತ್ರ." ತೃಷಾ ಸ್ವಲ್ಪ ಹಿಂಜರಿದು ಹೇಳಿದಳು, "ಸುಳ್ಯದಲ್ಲಿ ನೀವು ಇದಕ್ಕೆ ಕುಣಿಯಬೇಕು ಅಂತ ನನಗೆ ಆಸೆ ಉಂಟು."

ಹೇಮಶ್ರೀ ಆ ದಿನ ಹೂಂ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ತಾನೇ ಫೋನಿನಲ್ಲಿ ಸಂದೇಶ ಕಳಿಸಿದಳು, ಬಾ ಎಂದು.

ಕಲಿತಿದ್ದ ಅಡವಿನ ಹೆಜ್ಜೆಗಳು ಇಲ್ಲಿ ಕೂಡಿಬರಲಿಲ್ಲ. ಅವಕ್ಕೆ ತಾಳದ ಪೆಟ್ಟು ಬೇಕು. ಈ ಸಂಗೀತವೋ ಬಾಗುತ್ತ, ತಡೆಯುತ್ತ, ಮತ್ತೆ ಹೊರಡುತ್ತ ಹೋಗುತ್ತಿತ್ತು. ಕೆಲವು ದಿನ ಅವಳು ಸುಮ್ಮನೆ ನಡೆದಳು. ಬಳಿಕ ಭುಜ ಕಮಾನಿನ ಜೊತೆ ಸರಿಯತೊಡಗಿತು, ಬೆನ್ನು ಸಡಿಲವಾಯಿತು. ಗೆಜ್ಜೆ ಕಟ್ಟಲಿಲ್ಲ, ಮುದ್ರೆ ಹಿಡಿಯಲಿಲ್ಲ. ಸ್ವರ ಕೆಳಗಿಳಿದಾಗ ಅವಳೂ ನೆಲದವರೆಗೆ ಇಳಿದು, ಹೊರಳಿ, ಕೈಯೂರಿ ಏಳುತ್ತಿದ್ದಳು. ತವರೂರು ಮಂಡೆಕೋಲಿನಿಂದ ಬಂದಿದ್ದ ತಾಯಿ ಕಮಲಾವತಿ ಅದನ್ನು ಬಾಗಿಲಲ್ಲೇ ನಿಂತು ನೋಡಿದರು.

"ಈ ಪ್ರಾಯದಲ್ಲಿ ಹೀಗೆ ಬೀಳುದು ಎಂತಕ್ಕೆ? ಪೆಟ್ಟಾದ್ರೆ?"

"ಬೀಳುದಲ್ಲ ಅಮ್ಮ, ಇಳಿಯುದು."

ಕಮಲಾವತಿ ಸಂಜೆ ಎಣ್ಣೆ ಬಿಸಿ ಮಾಡಿ ಮಗಳ ಮೊಣಕಾಲಿಗೆ ತಿಕ್ಕಿದರು.

ಕಾರ್ಯಕ್ರಮದ ಸಂಜೆ ಸುಳ್ಯದ ಚಿಕ್ಕ ಸಭಾಭವನ ಹೆಚ್ಚುಕಡಿಮೆ ತುಂಬಿತ್ತು. ಏಪ್ರಿಲ್ ತಿಂಗಳ ಸೆಕೆ. ಮೊದಲ ಎರಡು ಭಾಗ ಚೆನ್ನಾಗಿ ಹೋದವು. ಸರಬಾಂದ್ ಶುರುವಾಗಿ ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು, ಕಟ್ಟಡದ ಹಿಂದೆ ಜನರೇಟರ್ ಗುಡುಗತೊಡಗಿತು. ಕೇಳುಗರಿಗೆ ಅದು ಒಂದು ಕಿರಿಕಿರಿ ಅಷ್ಟೆ. ಹೇಮಶ್ರೀಯ ಕಿವಿಯಲ್ಲಿ ಉಳಿದಿದ್ದ ಸ್ವಲ್ಪ ಜಾಗವನ್ನು ಮಾತ್ರ ಆ ತಗ್ಗಿನ ಗುಡುಗು ಪೂರ್ತಿ ತುಂಬಿಕೊಂಡಿತು. ಚೆಲ್ಲೊ ಮಾಯವಾಯಿತು.

ಅವಳು ವೇದಿಕೆಯ ನಡುವೆ ನಿಂತುಬಿಟ್ಟಳು. ತೃಷಾಳ ಕಮಾನು ಚಲಿಸುತ್ತಲೇ ಇತ್ತು. ಹೇಮಶ್ರೀ ನಿಧಾನ ನಡೆದುಹೋಗಿ, ವಾದ್ಯದ ಪಕ್ಕ ಮೊಣಕಾಲೂರಿ, ಅದರ ಮರದ ಮೈಗೆ ಅಂಗೈಯನ್ನು ಆನಿಸಿದಳು. ಮರ ಒಳಗೊಳಗೇ ನಡುಗುತ್ತಿತ್ತು. ಅದನ್ನೇ ಹಿಡಿದುಕೊಂಡು ಇನ್ನೊಂದು ತೋಳನ್ನು ಎತ್ತಿದಳು. ನೋಡುವವರಿಗೆ ಅದೂ ನೃತ್ಯದ ಭಾಗವೇ ಎನ್ನಿಸಿತು.

ಉದಯನಿಗೆ ಮಾತ್ರ ಗೊತ್ತಾಯಿತು. ಅವನು ಎದ್ದು ಹಿಂಬಾಗಿಲಿನಿಂದ ಓಡಿದ. ಜನರೇಟರಿನ ಹತ್ತಿರ ಅದನ್ನು ನೋಡಿಕೊಳ್ಳುವವನ ಜೊತೆ ತೀರ್ಥರಾಮ ನಿಂತಿದ್ದರು.

"ಅದನ್ನು ಬಂದ್ ಮಾಡಿ. ಅವಳಿಗೆ ಚೆಲ್ಲೊ ಕೇಳುದಿಲ್ಲ."

"ಫ್ಯಾನಿಲ್ಲದಿದ್ರೆ ಜನ ಎದ್ದು ಹೋಗ್ತಾರೆ ಮಾರಾಯ್ರೆ."

"ಹೋದ್ರೆ ಹೋಗ್ಲಿ. ನೀವು ಬಂದ್ ಮಾಡಿ."

ತೀರ್ಥರಾಮ ಒಂದು ಕ್ಷಣ ಅವನ ಮುಖ ನೋಡಿದರು, ಗುಂಡಿ ಒತ್ತಿದರು. ಮತ್ತೆ ತಾವೇ ಒಳಗೆ ಹೋಗಿ ಬದಿಯ ಬಾಗಿಲುಗಳನ್ನು ಒಂದೊಂದಾಗಿ ತೆರೆದರು. ಮುಳುಗುವ ಹೊತ್ತಿನ ಬೆಳಕು ವೇದಿಕೆಯ ಅರ್ಧದವರೆಗೆ ಬಂತು.

ಅಂಗೈಯ ಕೆಳಗಿದ್ದ ನಡುಕ ಹೇಮಶ್ರೀಗೆ ಮತ್ತೆ ಸ್ವರವಾಗಿ ಕೇಳಿತು. ಅವಳು ಎದ್ದಳು. ಸಭೆಯಲ್ಲಿ ಯಾರೂ ಕದಲಲಿಲ್ಲ. ಬೆವರು ಒರೆಸಿಕೊಳ್ಳುವವರೂ ಸದ್ದಾಗದಂತೆ ಒರೆಸಿಕೊಂಡರು. ಏನಾಗಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಆದರೂ ಆ ಸೆಕೆಯಲ್ಲಿ ಅಷ್ಟು ಜನ ಉಸಿರು ಬಿಗಿಹಿಡಿದು ಕುಳಿತಿದ್ದರು. ಅವಳು ಬೆಳಕಿರುವಲ್ಲಿಂದ ನೆರಳಿನತ್ತ, ನೆರಳಿನಿಂದ ಬೆಳಕಿನತ್ತ ಹೋಗುತ್ತ, ಕೊನೆಯ ಸ್ವರ ಇಳಿದು ನಿಲ್ಲುವವರೆಗೆ ಕುಣಿದಳು.

ಚಪ್ಪಾಳೆ ಅವಳಿಗೆ ಅಷ್ಟಾಗಿ ಕೇಳಲಿಲ್ಲ. ಕೈಗಳು ಕಂಡವು. ತೃಷಾ ವಾದ್ಯವನ್ನು ಮಲಗಿಸಿ ಬಂದು ಅವಳ ಕಾಲು ಮುಟ್ಟಲು ಬಗ್ಗಿದಳು. ಹೇಮಶ್ರೀ ಅವಳನ್ನು ಹಿಡಿದೆತ್ತಿ, ಬೆವೆತ ಹಣೆಗೆ ತನ್ನ ಹಣೆ ತಾಗಿಸಿ ನಿಂತಳು.

ಜನ ಹೊರಡುವಾಗ ಅವಳು ಬಾಗಿಲ ಬಳಿ ಹೋಗಿ ಕೈಮುಗಿದು ನಿಂತುಕೊಂಡಳು. ಕರೆಂಟು ಇನ್ನೂ ಬಂದಿರಲಿಲ್ಲ, ಆಗಲೇ ಮಬ್ಬುಗತ್ತಲೆ, ತುಟಿ ಓದುವಷ್ಟು ಬೆಳಕಿರಲಿಲ್ಲ. ಒಬ್ಬ ಹೆಂಗಸು ಅವಳ ಎರಡೂ ಕೈ ಹಿಡಿದು ತುಂಬ ಹೊತ್ತು ಏನೋ ಹೇಳಿದರು. ಒಂದು ಮಾತೂ ಅವಳಿಗೆ ತಿಳಿಯಲಿಲ್ಲ.

"ನೀವು ಎದ್ದು ಹೋಗದೆ ಕೂತದ್ದು ದೊಡ್ಡ ಉಪಕಾರ," ಎಂದಳು ಹೇಮಶ್ರೀ.

ಮುಂದಿನವರಿಗೂ ಅದನ್ನೇ ಹೇಳಿದಳು, ಅವರ ಹಿಂದಿನವರಿಗೂ. ಎಲ್ಲರೂ ಹೋದ ಮೇಲೆ ಜನರೇಟರಿನವನನ್ನು ಹುಡುಕಿಕೊಂಡು ಹೋಗಿ ಅವನಿಗೂ ಉಪಕಾರವಾಯಿತು ಎಂದಳು. ಉದಯ ಕಾರಿನ ಬಾಗಿಲು ತೆರೆದು ಕಾಯುತ್ತಿದ್ದ. ಪುತ್ತೂರು ಬರುವವರೆಗೂ ಅವಳು ಗೇರ್ ಹಿಡಿದಿದ್ದ ಅವನ ಕೈಯ ಮೇಲೆ ತನ್ನ ಕೈ ಇಟ್ಟುಕೊಂಡಿದ್ದಳು.