ಮೀಸಲು ಹಾಡು

ಎಮ್ಮೆ ಈದರೆ ಮೊದಲ ಹಾಲು ಹುತ್ತಕ್ಕೆ, ರಾಗಿ ಕುಯ್ದರೆ ಮೊದಲ ಮೊರ ಮಾದಪ್ಪನಿಗೆ. ಸೋಮಮ್ಮ ಕಣ್ಣು ಬಿಟ್ಟಾಗಿನಿಂದ ನಡೆಸಿಕೊಂಡು ಬಂದ ಬಾಳು ಇದು. ಹೂಟಗಳ್ಳಿಯ ಹೊಲಗಳೆಲ್ಲ ಕಾರ್ಖಾನೆಗಳಾದ ಮೇಲೆ ಮೀಸಲು ಎತ್ತಿಡಲು ಮನೆಯಲ್ಲಿ ಹೊಸದೆಂಬುದೇ ಇಲ್ಲವಾಗಿತ್ತು. ಹಾಗಿರುವಾಗ ಮೊಮ್ಮಗಳು ಸುಮಾಳ ಬಾಯಿಗೆ ಒಂದು ಹೊಸ ಹಾಡು ಬಂತು.

ಕಟ್ಟಿದವರು ಜಯಲಕ್ಷ್ಮಿಪುರಂನ ಸಂಗೀತದ ಮೇಡಂ ವಿಭಾ. ದೇಶದೇಶದ ಮಕ್ಕಳು ಹಾಡುವ ಸ್ಪರ್ಧೆಗೆ ಭಾರತ ಮೊದಲ ಸಲ ಹೊರಟಿತ್ತು. ದೇಶಕ್ಕೊಂದೇ ಹಾಡು, ಹಾಡುವವಳು ಸುಮಾ. "ಸ್ಪರ್ಧೆ ದಿನದವರೆಗೂ ಇದನ್ನ ಹೊರಗೆಲ್ಲೂ ಹಾಡಬಾರದು ಕಣಮ್ಮ" ಎಂದು ವಿಭಾ ಎಚ್ಚರಿಸಿದ್ದರು. ಸೋಮಮ್ಮನೂ ಕೇಳಿಸಿಕೊಂಡಿದ್ದಳು. ಆದರೆ ಗುಡಿ ಹೊರಗು ಹೇಗಾದೀತು?

ಸೋಮವಾರ ಸಂಜೆ ಮಗುವನ್ನು ಮೀಯಿಸಿ ಮಾದಪ್ಪನ ಗುಡಿಗೆ ಕರೆದೊಯ್ದಳು. ಕರ್ಪೂರ ಹಚ್ಚಿ ಹಾಡಿಸಿದಳು. ಮಗ ಮಹದೇವಸ್ವಾಮಿ ಫೋನ್ ಹಿಡಿದು ನಿಂತಿದ್ದ. ಮಗಳು ದೇಶಕ್ಕೆ ಹಾಡುತ್ತಾಳೆಂದು ಊರಿಗೆ ಗೊತ್ತಾಗಲೆಂದು ಆ ವಿಡಿಯೋವನ್ನು ನೆಟ್ಟಿಗೆ ಹಾಕಿಬಿಟ್ಟ. ಬೆಳಗಾಗುವಷ್ಟರಲ್ಲಿ ಸಾವಿರಾರು ಜನ ನೋಡಿದ್ದರು.

ಎರಡು ದಿನ ಬಿಟ್ಟು ವಿಭಾ ಬಂದರು. ಕೂರಲಿಲ್ಲ.

"ಯಾರ್ರೀ ಇದನ್ನ ಹಾಕಿದ್ದು?"

"ನಾನೇ ಮೇಡಂ. ಎಂಗದೆ? ನಮ್ ಸೂಪರ್‌ವೈಸರೂ ಲೈಕ್ ಕೊಟ್ಟವ್ರೆ" ಎಂದು ಮಹದೇವಸ್ವಾಮಿ ಹಲ್ಲು ಬಿಟ್ಟ.

"ಹೋಯ್ತು ಕಣ್ರೀ. ಮೊದಲೇ ಜನ ಕೇಳಿರೋ ಹಾಡು ಅಲ್ಲಿ ನಡೆಯಲ್ಲ. ಬೇರೆ ಹಾಡು ಕೊಡೋ ಗಡುವೂ ಮುಗಿದಿದೆ. ಇವಳೊಬ್ಬಳದಲ್ಲ, ದೇಶದ ಹೆಸರನ್ನೇ ತೆಗೆದುಹಾಕಿದ್ರು."

"ಅಳಿಸ್ಬುಟ್ರೆ?"

"ಕೇಳಿದೋರ ಕಿವಿಯಿಂದ ಅಳಿಸ್ತೀರಾ?"

ಸೋಮಮ್ಮ ಗೋಡೆ ಹಿಡಿದು ಎದ್ದಳು. "ಅವ ಹಾಕಿದ್ದು ಆಮೇಲೆ ಕಣವ್ವ. ಹಾಡ್ಸಿದ್ದು ನಾನು. ದೇವ್ರ ಮುಂದೆ ಹಾಡುದ್ರೂ ಲೆಕ್ಕಕ್ಕೆ ಬತ್ತದಾ?"

ವಿಭಾ ಮುದುಕಿಯ ತೋಳು ಹಿಡಿದು ಕೂರಿಸಿದರು. ಒಳಬಾಗಿಲಲ್ಲಿ ಸುಮಾ ನಿಂತಿದ್ದಳು. ಸ್ಪರ್ಧೆಗೆಂದು ಹೊಲಿಸಿದ ಹಸಿರು ಲಂಗವನ್ನು ಅಳತೆ ನೋಡಲು ಉಟ್ಟಿದ್ದಳು. ಎಲ್ಲವೂ ಕೇಳಿಸಿತ್ತು. ಅಳಲಿಲ್ಲ. ಒಳಗೆ ಹೋಗಿ ಲಂಗ ಬಿಚ್ಚಿ ಮಡಿಸಿಟ್ಟಳು. ಅಂದಿನಿಂದ ಆ ಮನೆಯಲ್ಲಿ ಹಾಡಿನ ಸೊಲ್ಲೇ ನಿಂತಿತು.

ಸ್ಪರ್ಧೆಯ ದಿನ ಮಹದೇವಸ್ವಾಮಿ ಕೆಲಸಕ್ಕೆ ಹೋಗಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದ್ದ. ಅಜ್ಜಿ ಮೊಮ್ಮಗಳು ಫೋನಿನಲ್ಲಿ ನೋಡಿದರು. ಗೊತ್ತಿಲ್ಲದ ನುಡಿಗಳಲ್ಲಿ ಮಕ್ಕಳು ಒಬ್ಬರಾದ ಮೇಲೊಬ್ಬರು ಬಂದು ಹಾಡಿ, ಬಾವುಟ ಬೀಸಿ ಹೋದರು. ಒಬ್ಬಳು ಬರಲಿಲ್ಲವೆಂದು ಅಲ್ಲಿ ಯಾರಿಗೂ ಗೊತ್ತಾದಂತಿರಲಿಲ್ಲ.

ಸೋಮಮ್ಮನಿಗೆ ತಡೆಯಲಾಗಲಿಲ್ಲ. "ಈಗ ಯಾರೂ ಬ್ಯಾಡ ಅನ್ನಲ್ಲ ಮಗ. ಈ ಮುದುಕಿಗೋಸ್ಕರ ಒಂದ್ಸಲ ಹಾಡ್ಬುಡು."

ಸುಮಾ ಅಜ್ಜಿಯ ಮುಖ ನೋಡಿದಳು. ಸಿಟ್ಟಿರಲಿಲ್ಲ, ಇದ್ದಿದ್ದರೆ ಸೋಮಮ್ಮ ತಾಳಿಕೊಳ್ಳುತ್ತಿದ್ದಳು.

"ಅದು ದೇವ್ರುದಲ್ವಾ ಅಜ್ಜಿ. ಕೊಟ್ಬುಟ್ಯಲ್ಲ."

"ಮೀಸಲು ಅಂದ್ರೆ ಒಂದ್ ಪಾಲು ಕಣ್ ಮಗ, ಪೂರ್ತಿ ಅಲ್ಲ..."

"ಮಿಕ್ಕಿದ್ದೆಲ್ಲಿ?" ಎಂದಿತು ಮಗು.

ದೇವರ ಗೂಡಿನ ದೀಪಕ್ಕೆ ಎಣ್ಣೆ ಹಾಕುವ ಹೊತ್ತಾಗಿತ್ತು. ಸೋಮಮ್ಮ ಏಳಲಿಲ್ಲ.