ಕನ್ನಡಿಯ ಬೆನ್ನು

ಫಿನಾಯಿಲ್ ವಾಸನೆ, ಯಾರೋ ಈಗಷ್ಟೇ ಮೆಟ್ಟಿಲು ಒರೆಸಿ ಹೋಗಿದ್ದಾರೆ, ಇನ್ನೂ ಆರಿಲ್ಲ, ಚಪ್ಪಲಿಯಡಿ ಸಣ್ಣಗೆ ಕಿಚಕ್ ಎನ್ನುತ್ತಿದೆ, ಒರೆಸುವವರಿಗೆ ಇವತ್ತೇ ಶ್ರದ್ಧೆ ಬರಬೇಕಿತ್ತೇ — ಇರಲಿ, ಇದೊಂದು ತಿರುವು ದಾಟಿದರೆ ಡ್ಯಾನ್ಸ್ ಮೇಷ್ಟ್ರ ಬಾಗಿಲು, ಈ ಆರಡಿ ಕನ್ನಡಿಯನ್ನು ಅವರ ಗೋಡೆಗೆ ಒರಗಿಸಿ ಉಸಿರು ಬಿಡಬಹುದು, ತಿರುವಿನಲ್ಲಿ ಅಡ್ಡಡ್ಡ ಹೋಗದು ಅಂತ ಈಗ ನೆಟ್ಟಗೆ ನಿಲ್ಲಿಸಿಕೊಂಡಿದ್ದೇವೆ, ಕೆಳಗೆ ನಾನು, ಮೇಲಿನ ಮೆಟ್ಟಿಲಲ್ಲಿ ನನ್ನಿಬ್ಬರು ಮಕ್ಕಳು, ನಡುವೆ ಇದು. ನನಗೆ ಕಾಣುವುದು ಕನ್ನಡಿಯ ಬೆನ್ನು, ಕಂದು ಬಣ್ಣ ಬಳಿದ ಬೋಳು ಬೆನ್ನು, ಆಚೆ ಬದಿಯಲ್ಲಿ ಅವರಿಗೆ ಅವರೇ ಕಾಣುತ್ತಿರಬೇಕು, ನನ್ನ ಪಾಲಿಗೆ ಬರೀ ಧ್ವನಿ, ಅದೂ ಒಬ್ಬಳದು. ಅಮ್ಮಾ ಇನ್ನೊಂದು ಮೆಟ್ಲು, ಅಮ್ಮಾ ಇಲ್ಲಿ ಇರುವೆ ಸಾಲು, ಅಮ್ಮಾ ಅಣ್ಣನ ಮೂಗಿನ ತುದೀಲಿ ಬೆವರು, ಈಗ ಬೀಳುತ್ತೆ ನೋಡು — ಏ ರೇಡಿಯೋ, ದಾರಿ ಹೇಳೇ, ಮೂಗಿನ ಸುದ್ದಿ ಆಮೇಲೆ. ಗಾಜು ಹೊರುವಾಗ ಮುಂದಿರುವವರು ಬಾಯಿ, ಹಿಂದಿರುವವರು ಕಿವಿ, ಮದುವೆಯಾಗಿ ಗಾಜಿನಂಗಡಿಗೆ ಬಂದ ಹೊಸತರಲ್ಲಿ ಇವರು ಕಲಿಸಿದ್ದು, ಒಂದು ಮೆಟ್ಲು ಹೇಳದೆ ಬಿಟ್ಟೆ ಅಂದ್ಕೋ, ಹಿಂದಿನವರ ಕಾಲು ಹೋಯ್ತು. ಅದಕ್ಕೇ ಬಾಯಿಯನ್ನು ಚಿಕ್ಕವಳಿಗೆ ಕೊಟ್ಟೆ, ಭಾರವನ್ನು ದೊಡ್ಡವನಿಗೆ, ಯಾರಿಗೆ ಯಾವುದಿದೆಯೋ ಅದನ್ನೇ ತಾನೇ ಕೊಡಬೇಕು.

ಅವನು ಹುಟ್ಟಿದಾಗ ಅಳಲೇ ಇಲ್ಲ, ನರ್ಸಮ್ಮ ಬೆನ್ನು ತಟ್ಟಿ ತಟ್ಟಿ ಸೋತಳು, ಕೊನೆಗೆ ಒಂದು ಸಣ್ಣ ಕ್ಞೀ, ಹೋಗಲಿ ಪಾಪ ಎಂಬಂತೆ — ಇವಳೋ ಪೂರ್ತಿ ಹೊರಗೆ ಬರುವ ಮೊದಲೇ ವರಾಂಡದವರೆಗೆ ಕೇಳಿಸಿದ್ದಳು. ಅವನಿಗೆ ಹಸಿವಾದರೆ ತಟ್ಟೆ ಒಂದು ಬೆರಳಷ್ಟು ಮುಂದೆ ಸರಿಯುತ್ತದೆ, ಅಷ್ಟೇ, ಅದನ್ನು ನಾವು ನೋಡಿಕೊಳ್ಳಬೇಕು, ಇವಳ ಹಲ್ಲು ಅಲ್ಲಾಡಿದರೆ ಇಡೀ ಬೀದಿಗೆ ಗೊತ್ತು. ಪಕ್ಕದ ಮನೆಯ ನಾಯಿ ಎಳೆದುಕೊಂಡು ಓಡಿದಾಗ ಹಗ್ಗ ಬಿಡದೆ ಮಂಡಿ ತರಚಿಕೊಂಡು ಬೀದಿ ಕೊನೆಯವರೆಗೆ ಹೋದವನು ಅವನು, ಬಿಡಬಹುದಿತ್ತಲ್ಲೋ ಅಂದರೆ ಮಂಡಿಯ ಮಣ್ಣು ಕೊಡವಿಕೊಂಡ, ಇವಳು ಕೊಡೆ ಬಿಟ್ಟು ಬರುತ್ತಾಳೆ, ಡಬ್ಬಿ ಬಿಟ್ಟು ಬರುತ್ತಾಳೆ, ಬೆಳಗಿನ ಜಗಳವನ್ನು ಮಧ್ಯಾಹ್ನಕ್ಕೇ ಎಲ್ಲೋ ಬಿಟ್ಟು ಬಂದು ಅಣ್ಣನ ಹೆಗಲಿಗೆ ಜೋತುಬೀಳುತ್ತಾಳೆ, ಅವನಿಗೆ ಮಾತ್ರ ಇನ್ನೂ ಮೂರು ದಿನ ಮುಖ ಗಂಟು. ಐದು ಬೆರಳು ಒಂದೇ ಸಮ ಇರುತ್ವೇನೇ ಅನ್ನುತ್ತಾರೆ ಅತ್ತೆ. ಬೆರಳಾದರೆ ಒಂದೇ ಕೈಯಲ್ಲಾದರೂ ಇವೆ ಅತ್ತೆ, ಇವರು ಯಾವ ಯಾವ ಗ್ರಹದಿಂದ ಇಳಿದರೋ, ಒಂದೇ ಹೊಟ್ಟೆ, ಒಂದೇ ಹಾಲು, ಇಬ್ಬರನ್ನೂ ನಾನೇ ಹೆತ್ತೆನೇ ಅಂತ ಎಷ್ಟೋ ಸಲ ಮಲಗಿದ ಮುಖಗಳನ್ನು ನೋಡುತ್ತಾ ನಿಂತಿದ್ದೇನೆ. ಅವರಪ್ಪ ಕೆಳಗೆ ವ್ಯಾನಿನಲ್ಲಿ ಕೂತಿದ್ದಾರೆ, ಬಲಗೈ ಬ್ಯಾಂಡೇಜಿನಲ್ಲಿ, ಜಾರಿದ ಗಾಜಿಗೆ ಕೈ ಕೊಡಬೇಡ, ಬಿಟ್ಟು ಹಿಂದೆ ಸರಿ, ಗಾಜು ಇನ್ನೊಂದು ಬರುತ್ತೆ ಅಂತ ಊರಿಗೆಲ್ಲ ಹೇಳುವವರು ಹೋದ ತಿಂಗಳು ತಾವೇ ಕೈ ಕೊಟ್ಟರು, ನರ ಕತ್ತರಿಸಿ ಹೋಗಿ ಎರಡು ಬೆರಳು ಇನ್ನೂ ಮಡಚಲು ಬರುವುದಿಲ್ಲ. ಬೆಳಿಗ್ಗೆ ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ಹೇಳಿದ್ದೇನೆ, ಜಾರಿದ್ರೆ ಬಿಡಬೇಕು, ಕೇಳಿಸ್ತಾ. ಅವಳು ಹ್ಞೂಂ ಹ್ಞೂಂ ಹ್ಞೂಂ. ಅವನು ಗ್ಲೌಸು ಹಾಕಿಕೊಳ್ಳುತ್ತಿದ್ದ.

ಕಿಚಕ್ — ಇದು ನನ್ನ ಚಪ್ಪಲಿಯಲ್ಲ, ಮೇಲಿನದು, ಕನ್ನಡಿಯ ಕಾಲು ಮೆಟ್ಟಿಲಂಚಿನಿಂದ ಜಾರಿತು, ಕಂದು ಬೆನ್ನು ನನ್ನ ಮೇಲೆ ವಾಲುತ್ತಿದೆ, ಅಂಗೈಯಿಂದ ತಡೆಯುತ್ತೇನೆ, ಭಾರ, ಅಯ್ಯೋ ಇಷ್ಟು ಭಾರ, ಬಿಡ್ರೋ, ಬಿಟ್ಟು ಹಿಂದಕ್ಕೆ ಹೋಗ್ರೋ ಇಬ್ರೂ! ಕನ್ನಡಿಯ ಎರಡೂ ಅಂಚಿನಲ್ಲಿ ಅವನ ಬೆರಳು, ಅಂಗಡಿಯ ಬೂದು ಗ್ಲೌಸು, ಅಪ್ಪನ ಅಳತೆಯದು, ಬಿಡುತ್ತಿಲ್ಲ, ನನಗೆ ಗೊತ್ತಿತ್ತು ಇವನು ಬಿಡುವುದಿಲ್ಲ, ಗಾಜು ಒಡೆದರೆ ಒಡೆಯಲಿ ಆ ಬೆರಳು, ನನ್ನ ಮಗನ ಬೆರಳು — ಪುಟ್ಟೀ, ಏನಾಗ್ತಿದೆಯೇ, ಹೇಳೇ. ನಿದ್ದೆಯಲ್ಲೂ ಬಡಬಡಿಸುವವಳ ಮಾತು ನಿಂತಿದೆ, ಗಾಜಿಗಿಂತ ಅದೇ ನನ್ನ ಎದೆ ಒಡೆಯುತ್ತಿದೆ, ಬಿದ್ದಳೇ, ಪೆಟ್ಟಾಯಿತೇ, ಪುಟ್ಟೀ — ಅಮ್ಮ. ಬಿಟ್ರೆ ನಿನ್ ಮೇಲೆ ಬರುತ್ತೆ, ಬಿಡಲ್ಲ. ನಾನು ಹೇಳ್ದಂಗೆ ಮಾಡು. ಯಾರ ಧ್ವನಿ ಇದು, ಒಡೆದು ದಪ್ಪವಾದ ಗಂಡಸಿನ ಧ್ವನಿ, ಯಾವಾಗ ಒಡೆಯಿತು, ನನಗೇ ಗೊತ್ತಾಗದಂತೆ, ಬಲಗಾಲು ಒಂದು ಮೆಟ್ಲು ಕೆಳಗಿಡು, ಇಟ್ಯಾ, ಭುಜ ಗೋಡೆಗೆ ಕೊಡು, ಇನ್ನೂ ಸ್ವಲ್ಪ, ಹಾಂ, ಈಗ ಅಲ್ಲಾಡ್ಬೇಡ. ನಾನು ಕಿವಿಯಾಗಿ ನಿಂತಿದ್ದೇನೆ, ಹೆತ್ತ ಮಗ ಹೇಳಿದಲ್ಲಿ ಕಾಲಿಡುತ್ತಿದ್ದೇನೆ, ಅವನ ಹತ್ತಿರ ಇಷ್ಟು ಮಾತು ಇತ್ತೇ, ಇಷ್ಟೂ ವರ್ಷ ಎಲ್ಲಿಟ್ಟಿದ್ದ.

ಕೆಳಗೆ ಏನೋ ಸರಿದಾಡುತ್ತಿದೆ, ಕನ್ನಡಿಯ ಪಕ್ಕದಿಂದ ಒಂದು ಕೈ ಹೊರಬಂತು, ಹೊಟ್ಟೆ ಮೇಲೆ ಮಲಗಿದ್ದಾಳೆ ನನ್ನ ರೇಡಿಯೋ, ಒದ್ದೆ ಮೆಟ್ಟಿಲ ಮೇಲೆ, ಕಾಲಿಂದ ಕಳಚಿದ ತನ್ನ ಬೂಟನ್ನು ಕನ್ನಡಿಯ ಕಾಲಿಗೆ ಆನಿಸಿ ಒತ್ತುತ್ತಿದ್ದಾಳೆ, ಒಂದು ಬೂಟು, ಇನ್ನೊಂದು ಬೂಟು, ನಿಧಾನ, ಎಷ್ಟು ನಿಧಾನ, ಒಂದು ಲೋಟ ನೀರನ್ನು ಚೆಲ್ಲದೆ ತಂದವಳಲ್ಲ ಇವಳು. ಹುಷಾರು ಪುಟ್ಟಿ, ಕೈ ತೆಗಿಯೇ, ಅಂದೆ. ಶ್, ಅಮ್ಮ, ಅಣ್ಣ ಹೇಳ್ತಿದ್ದಾನಲ್ಲ. ಶ್ ಅಂದಳು. ಅವಳು, ನನಗೆ. ಕನ್ನಡಿ ನಿಂತಿದೆ. ನನ್ನ ಮೇಲಿನ ಭಾರ ಇಳಿದಿದೆ. ಯಾರಿಗೆ ಯಾವುದಿದೆಯೋ ಅದನ್ನೇ ಕೊಟ್ಟೆ ಅಂದುಕೊಂಡಿದ್ದೆನಲ್ಲ, ಅವರ ಹತ್ತಿರ ಏನೇನಿದೆ ಅಂತ ನನಗೇನು ಗೊತ್ತು, ಹೆತ್ತದ್ದಷ್ಟೇ ನಾನು, ಉಳಿದದ್ದನ್ನೆಲ್ಲ ಅವರೇ ಎಲ್ಲಿಂದಲೋ ತಂದುಕೊಂಡಿದ್ದಾರೆ, ಆಚೆ ಬದಿಯಲ್ಲಿ ಪಿಸುಪಿಸು, ನೀನು ಆ ಕಡೆ ಹಿಡ್ಕೋ, ಹ್ಞೂಂ, ಯಾರು ಯಾರಿಗೆ ಅಂದರು, ಅವಳೂ ಎದ್ದು ನಿಂತಿದ್ದಾಳೆ, ಎಡಗಡೆ ಅಂಚಿನಲ್ಲಿ ಬೆರಳು, ಬಲಗಡೆ ಅಂಚಿನಲ್ಲಿ ಬೆರಳು, ಇಬ್ಬರದೂ ಅದೇ ಬೂದು ಗ್ಲೌಸು, ಅದೇ ಅಪ್ಪನ ಅಳತೆ, ಅಮ್ಮ ಎತ್ತೋಣ್ವಾ, ಬಿಗಿಯಾಗಿ ಹಿಡಿದ ಬೆರಳು, ಎಡದ್ದು ಯಾರದು, ಬಲದ್ದು ಯಾರದು, ಎತ್ತೋಣ್ವಾ ಅಮ್ಮ, ನೋಡುತ್ತೇನೆ, ಗೊತ್ತಾಗುತ್ತಿಲ್ಲ, ಕಂದು ಬೆನ್ನಿನ ಎರಡೂ ಅಂಚಿಗೆ, ಬೆರಳು —