ಎಡಗುಂಡಿಯ ಬೆಣೆ

ನನ್ನ ಎಡಗೈ ಸಾಮಾನ್ಯದ ಕೈಯಲ್ಲ. ನಿಮ್ಮ ಮನೆಯಲ್ಲಿ ಒಂದು ತಗಡಿನ ಡಬ್ಬಿ ಇದ್ದರೆ ಅದರ ಮುಚ್ಚಳ ಈ ಕೈ ದಾಟಿಯೇ ಬಂದಿರಬೇಕು. ಭೂಮಿಯ ಮೇಲಿನ ಅರ್ಧ ಡಬ್ಬಿಗಳ ಬಾಯಿ ಮುಚ್ಚಿಸಿದವನು ನಾನು. ಉಳಿದರ್ಧ ನಾನು ರಜೆ ಹಾಕಿದ ದಿನ ಬೇರೆಯವರು ಮಾಡಿದ್ದು. ಅಂಥ ಕೈಯ ನಡುವಿನ ಎರಡು ಬೆರಳನ್ನು ಪ್ರೆಸ್ ಮೆಷಿನ್ ಕಚ್ಚಿಕೊಂಡು ಹೋದಾಗ, ಅರಗಿಸಿಕೊಳ್ಳಲಾಗದೆ ಅದು ವಾರಗಟ್ಟಲೆ ಕೆಟ್ಟು ನಿಂತಿತ್ತು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ನಿಜವಾಗಿ ಅದು ನಿಂತದ್ದು ಬಕೆಟ್ ನೀರು ಹಾಕಿ ತೊಳೆಯುವಷ್ಟು ಹೊತ್ತು.

ಈಗ ಈ ವೀರನ ಕೆಲಸ ಬಟ್ಟೆ ಕ್ಲಿಪ್ಪು ಹಾಕುವುದು. ಫ್ಯಾಕ್ಟರಿಯ ಎದುರಿಗೆ, ರಸ್ತೆಯ ಆ ಪಕ್ಕದಲ್ಲಿ ಧಣಿಯವರೇ ಕಟ್ಟಿಸಿದ ಪುನರ್ವಸತಿ ಕೇಂದ್ರವಿದೆ. ಬಾಗಿಲ ಮೇಲೆ ಧಣಿಯ ಅಪ್ಪನ ಫೋಟೋ ಎರಡೂ ಕೈ ಜೋಡಿಸಿ ನಗುತ್ತದೆ. ಕೈ ಜೋಡಿಸಿದರೆ ಹತ್ತು ಬೆರಳೂ ಕಾಣುತ್ತವೆ, ನಮ್ಮ ಹೊಟ್ಟೆ ಉರಿಸಲು. ಒಳಗೆ ಉದ್ದನೆಯ ಕೋಣೆ. ಹೊರಗಿನ ಬೋರ್ಡಿನಲ್ಲಿ ಔದ್ಯೋಗಿಕ ಚಿಕಿತ್ಸಾ ವಿಭಾಗ ಎಂದಿದೆ. ಅಷ್ಟುದ್ದ ಓದುವಷ್ಟರಲ್ಲಿ ಗಾಯವೇ ಒಣಗಿಬಿಡುತ್ತದೆ, ಹಾಗಾಗಿ ನಾವು ಕೈ ಶಾಲೆ ಅನ್ನುತ್ತೇವೆ. ಅಲ್ಲಿ ಕಲಿಸುವ ಹೆಂಗಸು ಕೈ ಟೀಚರು. ತಂತಿಗೆ ಸಿಕ್ಕಿಸಿದ ಕ್ಲಿಪ್ಪನ್ನು ಹೆಬ್ಬೆರಳು, ತೋರುಬೆರಳಿನಲ್ಲಿ ಹಿಸುಕಿ ತೆಗೆದು ಪಕ್ಕದ ತಂತಿಗೆ ಹಾಕಬೇಕು. ಆಮೇಲೆ ಹಿಟ್ಟಿನಂಥ ರಬ್ಬರ್ ಮುದ್ದೆ ನಾದಬೇಕು. ಆಮೇಲೆ ಹಲಗೆಗೆ ಹೊಲಿದ ಗುಂಡಿಗಳನ್ನು ಹಾಕಿ ಬಿಚ್ಚಬೇಕು. ಒಂದು ಕ್ಲಿಪ್ಪು ತೆರೆಯುವಷ್ಟರಲ್ಲಿ ನನ್ನ ಅಂಗಿ ಬೆವರಿನಲ್ಲಿ ತೊಯ್ದು ಹೋಗುತ್ತಿತ್ತು. ತೊಯ್ದ ಅಂಗಿಯ ಗುಂಡಿ ಬಿಚ್ಚುವಷ್ಟರಲ್ಲಿ ಇನ್ನೊಮ್ಮೆ ತೊಯ್ಯುತ್ತಿತ್ತು.

ಕೋಣೆಯಲ್ಲಿದ್ದವರೆಲ್ಲ ಅದೇ ಫ್ಯಾಕ್ಟರಿಯವರು. ಹೆಬ್ಬೆರಳು, ತೋರುಬೆರಳು ಮಾತ್ರ ಉಳಿದವನನ್ನು ಗಡಿಯಾರ ಎಂದು ಕರೆಯುತ್ತಿದ್ದೆವು. ಟೈಮೆಷ್ಟು ಎಂದು ಯಾರಾದರೂ ಕೇಳಿದರೆ ಕೈ ಎತ್ತಿ ತೋರಿಸುತ್ತಿದ್ದ. ದಿನವಿಡೀ ಒಂದೇ ಟೈಮು. ದೊಡ್ಡಮ್ಮ ನಮ್ಮೆಲ್ಲರಿಗಿಂತ ಹಿರಿಯಳು. ಅವಳ ಎಡಗೈಯಲ್ಲಿ ಒಂದು ಬೆರಳೂ ಇಲ್ಲ. ಆದರೂ ಅಂಗೈಯಲ್ಲೇ ಮುದ್ದೆ ನಾದಿ, ಈ ಹಿಟ್ಟಿಗೆ ಉಪ್ಪು ಕಮ್ಮಿ ಅನ್ನುತ್ತಿದ್ದಳು. ಟೀಚರು ಬಂದ ಹೊಸದರಲ್ಲಿ ಒಂದು ಮಾತು ಕೇಳಿದ್ದರು, ಇಲ್ಲಿ ಎಲ್ಲರಿಗೂ ಎಡಗೈಯೇ ಯಾಕೆ ಹೋಗಿದೆ ಎಂದು. ನಾವು ಎಡಮಗ್ಗುಲಲ್ಲಿ ಎದ್ದವರು ಎಂದು ನಾನು ತಮಾಷೆ ಮಾಡಿದೆ. ಎಲ್ಲರೂ ನಕ್ಕರು. ಟೀಚರು ನಗಲಿಲ್ಲ.

ಕೋಣೆಯ ಕಿಟಕಿ ತೆರೆದರೆ ಫ್ಯಾಕ್ಟರಿಯ ಸದ್ದು ಒಳಗೇ ಬರುತ್ತದೆ. ಧಡ್, ಧಡ್, ಧಡ್. ಸಾವಿರ ಮೆಷಿನ್ ಓಡಿದರೂ ನನ್ನದನ್ನು ನಾನು ಗುರುತು ಹಿಡಿಯಬಲ್ಲೆ. ಮೂಲೆಯ ಮೆಷಿನ್ ಅದು, ಬಡಿದ ಮೇಲೆ ಸಣ್ಣಗೆ ಕೆಮ್ಮುತ್ತದೆ. ಧಡ್, ಖೊಕ್. ಈಗ ಅದರ ಮುಂದೆ ನನ್ನ ತಂಗಿ ಕೂತಿದ್ದಳು.

ಅಲ್ಲಿನ ಪದ್ಧತಿಯೇ ಹಾಗೆ. ಕೈ ಕಳೆದುಕೊಂಡವನ ಜಾಗ ಉಳಿಯಬೇಕಾದರೆ ಅವನ ಮನೆಯಿಂದ ಒಬ್ಬರು ಬಂದು ಕೂರಬೇಕು. ಇಲ್ಲದಿದ್ದರೆ ಗೇಟಿನ ಹೊರಗೆ ನಿಂತವರಲ್ಲಿ ಯಾರೋ ಒಬ್ಬರು ಬಂದು ಕೂರುತ್ತಾರೆ. ಅಪ್ಪ ಇಲ್ಲ, ಅಮ್ಮನಿಗೆ ಕಣ್ಣು ಮಂಜು. ತಂಗಿ ಹೊಲಿಗೆ ಮಾಡಿಕೊಂಡಿದ್ದವಳು. ಅವಳ ಬೆರಳಲ್ಲಿ ಸೂಜಿ ಓಡುತ್ತಿದ್ದರೆ ಸೊಳ್ಳೆಯೂ ನಾಚಿಕೊಂಡು ಮೂಲೆ ಸೇರುತ್ತಿತ್ತು. ನಾನು ಗುಂಡಿ ಹಾಕಿಕೊಳ್ಳಲು ಒದ್ದಾಡುವುದನ್ನು ನೋಡಿ ನನ್ನ ಅಂಗಿಗಳ ಕಾಜನ್ನೆಲ್ಲ ಬಿಚ್ಚಿ ದೊಡ್ಡದು ಮಾಡಿ ಕೊಟ್ಟವಳು ಅವಳೇ. ಅಣ್ಣನ ಕೈ ಸರಿಯಾಗುವ ತನಕ ಎಂದು ಮೆಷಿನ್ ಮುಂದೆ ಹೋಗಿ ಕೂತಳು.

ಆದ್ದರಿಂದ ನನಗೆ ಅವಸರ. ನಾನು ಗುಣವಾದ ದಿನ ಅವಳು ಏಳುತ್ತಾಳೆ. ಟೀಚರು ಕ್ಲಿಪ್ಪು ಒಂದು ತಂತಿ ಎಂದರೆ ನಾನು ಮೂರು ತಂತಿ ಹಾಕುತ್ತಿದ್ದೆ. ನೋವಿದೆಯಾ ಎಂದು ಕೇಳಿದರೆ, ನೋವು ಅಂದರೆ ಯಾವ ಊರಿನ ಬಸ್ಸು ಎಂದು ಕೇಳುತ್ತಿದ್ದೆ. ಆಚೆ ಧಡ್, ಖೊಕ್ ಕೇಳುತ್ತಿರುವ ತನಕ ಅವಳ ಕೈ ಇದೆ ಎಂದು ನನಗೆ ಗೊತ್ತು. ಸದ್ದು ಊಟದ ಹೊತ್ತಿನಲ್ಲಿ ನಿಂತರೆ ಪರವಾಗಿಲ್ಲ. ನಡುವೆ ಯಾವಾಗಲಾದರೂ ಒಂದು ಮೆಷಿನ್ ನಿಂತರೆ ಕೈ ಶಾಲೆಯ ಅಷ್ಟೂ ತಲೆಗಳು ಒಟ್ಟಿಗೆ ಮೇಲೇಳುತ್ತಿದ್ದವು. ಮತ್ತೆ ಶುರುವಾಗುವ ತನಕ ಒಂದು ಕ್ಲಿಪ್ಪೂ ಅಲುಗುತ್ತಿರಲಿಲ್ಲ. ಕೆಲವು ಸಲ ಒಂದೆರಡು ವಾರ ಬಿಟ್ಟು ಕೋಣೆಗೆ ಒಂದು ಹೊಸ ಎಡಗೈ ಬರುತ್ತಿತ್ತು.

ಒಂದು ದಿನ ಟೀಚರು ಬಡಗಿಯಿಂದ ಮಾಡಿಸಿದ ಮರದ ಮೆಷಿನ್ ಬಂತು. ನಮ್ಮ ಪ್ರೆಸ್ಸಿನದೇ ಅಳತೆ, ಅದೇ ಎತ್ತರದ ಸ್ಟೂಲು. ಎಡಕ್ಕೊಂದು, ಬಲಕ್ಕೊಂದು ದಪ್ಪ ಕೆಂಪು ಗುಂಡಿ. ಎರಡನ್ನೂ ಎರಡು ಕೈಯಲ್ಲಿ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಮರದ ತುಂಡು ಕೆಳಗಿಳಿಯುತ್ತಿತ್ತು. ಅಸಲಿ ಮೆಷಿನ್ ಕೂಡ ಹುಟ್ಟಿದ್ದು ಹಾಗೆಯೇ. ಎರಡೂ ಕೈ ಗುಂಡಿಯ ಮೇಲಿದ್ದರೆ ಅಚ್ಚಿನ ಬಾಯಿಗೆ ಯಾವ ಕೈಯೂ ಸಿಗುವುದಿಲ್ಲ. ಬಿಟ್ಟುಹೋದ ಕೆಲಸ ಕೈಗೆ ಮತ್ತೆ ಅಭ್ಯಾಸವಾಗಲಿ, ಆಮೇಲೆ ಫ್ಯಾಕ್ಟರಿಯ ಸೇಫ್ಟಿ ಸಾಹೇಬರು ಬಂದು ಯಾರು ಮರಳಿ ಹೋಗಬಹುದು ಎಂದು ನೋಡುತ್ತಾರೆ ಎಂದು ಟೀಚರು ತಿಳಿಸಿದರು. ನನ್ನನ್ನು ನೋಡಿ ಮೆಷಿನ್ನೇ ಎದ್ದು ನಿಂತು ನಮಸ್ಕಾರ ಮಾಡುತ್ತದೆ ಎಂದೆ.

ಸಾಹೇಬರು ಬಂದರು. ಇಸ್ತ್ರಿ ಅಂಗಿ, ತಲೆಯ ಮೇಲೆ ಒಂದು ಗೀರೂ ಬೀಳದ ಹಳದಿ ಟೋಪಿ. ಮೊದಲು ನಾನೇ ಕೂತೆ. ಪಕ್ಕದಲ್ಲಿ ರಟ್ಟಿನ ಬಿಲ್ಲೆಗಳ ರಾಶಿ, ತಗಡಿನ ಬದಲು. ಅಂಗಿ ತೋಳು ಮಡಿಸಿ, ಎಲ್ಲರಿಗೂ ಒಂದು ಸಲ ಕಣ್ಣು ಹೊಡೆದೆ. ಆಮೇಲೆ ನಡೆದದ್ದನ್ನು ನನ್ನ ತಲೆ ಮಾಡಲಿಲ್ಲ, ಕೈ ಮಾಡಿತು. ಬಲಗೈ ಹೋಗಿ ತಂತಿಯಿಂದ ಒಂದು ಕ್ಲಿಪ್ಪು ಕಿತ್ತಿತು. ಎಡಗುಂಡಿಯನ್ನು ಒತ್ತಿ ಹಿಡಿದು, ಅದು ಮೇಲೇಳದಂತೆ ಕ್ಲಿಪ್ಪನ್ನು ಪಕ್ಕದ ಸಂದಿಗೆ ತುರುಕಿತು. ಎಡಗೈ ಬಿಡುವಾಯಿತು. ಬಿಡುವಾದ ಎಡಗೈಯಲ್ಲಿ ಅಚ್ಚಿನ ಬಾಯಿಗೆ ಬಿಲ್ಲೆ ಇಡುತ್ತಾ, ಬಲಗೈಯಲ್ಲಿ ಗುಂಡಿ ಬಡಿಯುತ್ತಾ ಹೊರಟೆ. ಗಾಳಿಗಿಂತ ಜೋರು. ಕೋಣೆಯ ಫ್ಯಾನಿಗೆ ಕೆಲಸವಿಲ್ಲದಂತಾಯಿತು. ರಾಶಿ ಮುಗಿಸಿ ಚಪ್ಪಾಳೆಗೆ ಕಾಯುತ್ತಾ ತಲೆ ಎತ್ತಿದರೆ ಯಾರೂ ತಟ್ಟಲಿಲ್ಲ.

ಟೀಚರು ಕ್ಲಿಪ್ಪನ್ನೇ ನೋಡುತ್ತಿದ್ದರು. "ಇದ್ಯಾಕೆ ಇಲ್ಲಿಟ್ರಿ?" ಅಂದರು.

ಉಸಿರಾಡುವವನನ್ನು ಯಾಕೆ ಉಸಿರಾಡುತ್ತೀಯಾ ಎಂದು ಕೇಳಿದ ಹಾಗಿತ್ತು.

ಉತ್ತರ ಸಾಹೇಬರೇ ಕೊಟ್ಟರು. "ನೋಡಿದ್ರಾ ಮೇಡಂ," ಅಂದರು, "ನಾವು ಎರಡು ಗುಂಡಿ ಕೊಡ್ತೀವಿ, ಇವರು ಒಂದನ್ನ ಕೊಲ್ತಾರೆ. ಬೆರಳು ಹೋಗಿದ್ದು ಇವನ ಚಾಳಿಯಿಂದ. ಮೆಷಿನ್ನಿಂದಲ್ಲ."

ನನ್ನ ಕೈಯೇ ನನ್ನ ಮೇಲೆ ಸಾಕ್ಷಿ ಹೇಳಿತ್ತು. ಆಗ ಗಡಿಯಾರ ಎದ್ದು ಬಂದ. ನನ್ನನ್ನು ಸ್ಟೂಲಿನಿಂದ ಸರಿಸಿ ಕೂತ. ತಂತಿಯಿಂದ ಒಂದು ಕ್ಲಿಪ್ಪು ಕಿತ್ತು ಎಡಗುಂಡಿಗೆ ತುರುಕಿದ. ಅವನ ಹಿಂದೆ ದೊಡ್ಡಮ್ಮ ಬಂದಳು. ಅವಳೂ ಅದನ್ನೇ ಮಾಡಿದಳು, ಕ್ಲಿಪ್ಪನ್ನು ಹಲ್ಲಿನಲ್ಲಿ ಕಚ್ಚಿ ತಂದು. ಗೋಡೆ ಪಕ್ಕದಲ್ಲಿದ್ದವರೂ ಒಬ್ಬೊಬ್ಬರಾಗಿ ಬಂದು ಕೂತರು. ಎಲ್ಲರದೂ ಅದೇ ಕ್ಲಿಪ್ಪು, ಅದೇ ಸಂದಿ.

"ಇಷ್ಟೂ ಜನಕ್ಕೆ ಒಂದೇ ಚಾಳಿ ಹೇಗೆ ಬರುತ್ತೆ ಸಾರ್?" ಅಂದರು ಟೀಚರು.

ದೊಡ್ಡಮ್ಮ ಹೇಳಿದಳು. "ಕೆಲಸಕ್ಕೆ ಸೇರಿದ ದಿನ ಮೇಸ್ತ್ರಿ ಒಂದು ಕೈಗೆ ಗ್ಲೌಸು ಕೊಡ್ತಾನೆ, ಇನ್ನೊಂದು ಕೈಗೆ ಎಡಗುಂಡಿಗೆ ಹೊಡೆಯೋ ಬೆಣೆ ಕೊಡ್ತಾನಮ್ಮ. ಬೆಣೆ ಹೊಡೀದೆ ಇದ್ರೆ ಮುಚ್ಚಳ ಅರ್ಧಾನೂ ಆಗಲ್ಲ. ಮುಚ್ಚಳ ಆಗದೆ ಇದ್ರೆ ನಾವು ಗೇಟಾಚೆ."

ನಮ್ಮ ಮೇಸ್ತ್ರಿಯ ಜೇಬಿನಲ್ಲಿ ಯಾವಾಗಲೂ ಮರದ ಬೆಣೆಗಳು ಇರುತ್ತವೆ. ಅವನು ನಡೆದು ಬಂದರೆ ಕಟಕಟ ಎನ್ನುತ್ತವೆ. ನನಗೆ ಕನಸಿನಲ್ಲೂ ಕೇಳುವ ಸದ್ದು ಅದು.

ಸಾಹೇಬರು ಟೋಪಿ ಸರಿ ಮಾಡಿಕೊಂಡರು. ಮೇಸ್ತ್ರಿ ವಿಷಯ ತಮಗೆ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಅಗತ್ಯವೂ ಇಲ್ಲ ಅಂದರು. ಈ ಮರದ ಆಟಿಕೆಯನ್ನು ನಾಳೆಯೇ ಇಲ್ಲಿಂದ ತೆಗೆಸಬೇಕು, ಟೀಚರು ಕೈ ಮಾತ್ರ ನೋಡಿಕೊಂಡರೆ ಸಾಕು ಅಂದರು. ಬಾಗಿಲ ಹತ್ತಿರ ಹೋದವರು ನನ್ನ ಕಡೆ ತಿರುಗಿದರು.

"ನೀನು ಬೇಡ ಬಿಡು. ಅಲ್ಲಿರೋ ಹುಡುಗೀನೇ ಇರಲಿ. ನಿನಗಿಂತ ಚುರುಕು ಅವಳು."

ತಂಗಿಯನ್ನು ಎಬ್ಬಿಸಲು ಹೋಗಿ ಅವಳನ್ನು ಅಲ್ಲೇ ಕೂರಿಸಿ ಬಂದಿದ್ದೆ. ಆಚೆ ಧಡ್, ಖೊಕ್.

ಸಂಜೆ ಅವಳು ಬಂದಾಗ ಎಂದಿನಂತೆ ಮೊದಲು ಕೈ ನೋಡಿದೆ. ಎಡಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಬಿಡಿಸಿದೆ. ತೋರುಬೆರಳಿನ ಉಗುರು ಕಪ್ಪಾಗಿತ್ತು. ನನಗೂ ಹೀಗೇ ಆಗಿತ್ತು, ಬೆರಳು ಹೋಗುವ ಸ್ವಲ್ಪ ಮುಂಚೆ. ಗಡಿಯಾರನಿಗೂ ಆಗಿತ್ತು. ಮೆಷಿನ್ ಮೊದಲು ರುಚಿ ನೋಡುತ್ತದೆ.

ಏನಿಲ್ಲ, ಚೂರು ತಾಗಿತು ಎಂದಳು. ಸಾಹೇಬರೇ ಬಂದು ಚುರುಕಿದ್ದೀಯಾ ಅಂದರು ಎಂದು ಖುಷಿಯಿಂದ ಹೇಳಿದಳು. ನಾನು ನಡೆದದ್ದನ್ನೆಲ್ಲ ಹೇಳಿದೆ, ಒಂದು ಗುಲಗಂಜಿಯಷ್ಟೂ ಸೇರಿಸದೆ. ಸೇರಿಸದೆ ಹೇಳಿದ್ದಕ್ಕೇ ಅವಳು ಹೆದರಿರಬೇಕು, ನಗು ನಿಲ್ಲಿಸಿದಳು.

"ನಾಳೆ ಬೆಣೆ ಹೊಡೀಬೇಡ ಕಣೇ," ಅಂದೆ.

"ಹೊಡೀದೆ ಇದ್ರೆ ಮನೆಗೆ ಕಳಿಸ್ತಾನಲ್ಲೋ ಅಣ್ಣ."

"ಮನೆಗೆ ತಾನೇ."

ನನ್ನ ಅಂಗಿಯ ಮೇಲಿನ ಗುಂಡಿ ಸಡಿಲವಾಗಿತ್ತು. ಅವಳು ಚೀಲದಿಂದ ಸೂಜಿ ತೆಗೆದು ಅದನ್ನು ಭದ್ರ ಮಾಡಿದಳು. ಕಪ್ಪು ಉಗುರಿನ ಬೆರಳನ್ನು ಮಾತ್ರ ಬಟ್ಟೆಗೆ ತಾಗಿಸದೆ ಎತ್ತಿ ಹಿಡಿದಿದ್ದಳು.

ಮರುದಿನ ಬೆಳಿಗ್ಗೆ ಕೋಣೆಯಲ್ಲಿ ಯಾರೂ ತಮಾಷೆ ಮಾಡಲಿಲ್ಲ. ಮರದ ಮೆಷಿನ್ ಒಯ್ಯಲು ಇನ್ನೂ ಯಾರೂ ಬಂದಿರಲಿಲ್ಲ. ಟೀಚರು ಅದಕ್ಕೆ ಬೆನ್ನು ಹಾಕಿ ಕೂತಿದ್ದರು. ಆಚೆ ಧಡ್, ಖೊಕ್. ನಾನು ಕ್ಲಿಪ್ಪು ತೆಗೆಯುತ್ತಿದ್ದೆ. ಧಡ್, ಖೊಕ್. ಇನ್ನೊಂದು ಕ್ಲಿಪ್ಪು. ಧಡ್.

ಖೊಕ್ ಬರಲಿಲ್ಲ.

ಊಟದ ಹೊತ್ತಿಗೆ ಇನ್ನೂ ಬಹಳ ಇತ್ತು. ಎಲ್ಲ ತಲೆಗಳೂ ಮೇಲೆದ್ದವು. ಬೇರೆ ಮೆಷಿನ್‌ಗಳು ಓಡುತ್ತಿದ್ದವು. ಅವುಗಳ ನಡುವೆ ನನ್ನದರ ಜಾಗ ಮಾತ್ರ ಬಿದ್ದುಹೋದ ಹಲ್ಲಿನ ಹಾಗೆ ಖಾಲಿ ಇತ್ತು. ಬಕೆಟ್ ನೀರು ಹಾಕಿ ತೊಳೆಯುವಷ್ಟು ಹೊತ್ತು ಕಾದೆವು. ಶುರುವಾಗಲಿಲ್ಲ. ನಾನು ಎದ್ದದ್ದು ನನಗೆ ಗೊತ್ತಾದದ್ದು ರಸ್ತೆಯ ನಡುವೆ. ಹಿಂದೆ ನೋಡಿದರೆ ಗಡಿಯಾರ, ದೊಡ್ಡಮ್ಮ, ಇಡೀ ಕೈ ಶಾಲೆ. ಪಟ್ಟಿ ಕಟ್ಟಿದ ಕೈಗಳನ್ನು ಎದೆಗೆ ಒತ್ತಿಕೊಂಡು ಬರುತ್ತಿದ್ದರು.

ಗೇಟಿನಲ್ಲಿ ವಾಚ್‌ಮನ್ ಅಡ್ಡ ಬಂದ. ಅಷ್ಟರಲ್ಲಿ ಏದುಸಿರು ಬಿಡುತ್ತಾ ಟೀಚರು ಬಂದರು.

"ಬಿಡಪ್ಪ," ಅಂದರು. "ಇವರಿಗೆ ಇವತ್ತು ಕೆಲಸದ ಜಾಗದಲ್ಲೇ ಅಭ್ಯಾಸ ಇದೆ. ಸಾಹೇಬರಿಗೆ ಗೊತ್ತು."

ಸುಳ್ಳಿನಲ್ಲಿ ನನ್ನನ್ನು ಮೀರಿಸುವವರು ಇಲ್ಲವೆಂದುಕೊಂಡಿದ್ದೆ. ವಾಚ್‌ಮನ್ ಸರಿದು ನಿಂತ.

ಶೆಡ್ಡಿನೊಳಗೆ ಎಣ್ಣೆಯ ವಾಸನೆ, ಅದೇ ಕತ್ತಲೆ. ಮೂಲೆಯ ಮೆಷಿನ್ ಹತ್ತಿರ ಬರುವಾಗ ನಾನು ನೆಲ ನೋಡುತ್ತಾ ಬಂದೆ. ಕೆಂಪು ಎಲ್ಲಾದರೂ ಇದೆಯೇ ಎಂದು. ನೆಲ ಒಣಗಿತ್ತು. ತಂಗಿ ಸ್ಟೂಲಿನ ಪಕ್ಕ ಎದ್ದು ನಿಂತಿದ್ದಳು. ಅವಳ ಬೆರಳುಗಳನ್ನು ಎಣಿಸಿದೆ. ಹತ್ತು. ಇದರಲ್ಲಿ ನಾನು ಸೇರಿಸಿದ್ದು ಒಂದೂ ಇಲ್ಲ. ಬಲಗೈಯಲ್ಲಿ ಬೆಣೆ ಹಿಡಿದಿದ್ದಳು, ಕಿತ್ತು ತೆಗೆದದ್ದು.

ಎದುರಿಗೆ ಮೇಸ್ತ್ರಿ. ಬೈಯುತ್ತಿರಲಿಲ್ಲ. ಮಗುವಿಗೆ ಹೇಳುವ ಹಾಗೆ ಮೆತ್ತಗೆ ಹೇಳುತ್ತಿದ್ದ, ಹೊಸಬರಿಗೆ ಮೊದಮೊದಲು ಹೀಗೇ ಭಯವಾಗುತ್ತದೆ, ಆಮೇಲೆ ಸರಿಹೋಗುತ್ತದೆ ಎಂದು. ಹೇಳುತ್ತಲೇ ಜೇಬಿಗೆ ಕೈ ಹಾಕಿದ. ಕಟಕಟ. ಹೊಸ ಬೆಣೆಯೊಂದು ಬಂತು. ಸೊಂಟದಿಂದ ಸುತ್ತಿಗೆ ಬಂತು.

ನಾನು ಎಡಗೈ ಚಾಚಿ ಎಡಗುಂಡಿಯ ಮೇಲಿಟ್ಟೆ. ಉಳಿದ ಮೂರು ಬೆರಳೂ ಸಂದಿಗೆ ಅಡ್ಡವಾಗಿ ಕೂತವು. ಅದರ ಮೇಲೆ ಗಡಿಯಾರ ತನ್ನ ಎರಡು ಮುಳ್ಳುಗಳನ್ನಿಟ್ಟ. ಅದರ ಮೇಲೆ ದೊಡ್ಡಮ್ಮ ಬೆರಳಿಲ್ಲದ ಅಂಗೈಯನ್ನು ಮುದ್ದೆ ಒತ್ತಿದ ಹಾಗೆ ಒತ್ತಿದಳು. ಹಿಂದಿನಿಂದ ಇನ್ನೂ ಕೈಗಳು ಬಂದವು. ಗುಂಡಿ ಕಾಣದಂತಾಯಿತು. ಪಕ್ಕದ ಮೆಷಿನ್ ನಿಂತಿತು. ಅದರಾಚೆಯದೂ ನಿಂತಿತು. ಯಾರೋ ಬೆಣೆ ಕಿತ್ತು ನೆಲಕ್ಕೆ ಎಸೆದ ಸದ್ದು ಕೇಳಿತು. ಆಮೇಲೆ ಇನ್ನೊಂದು. ಆ ಶೆಡ್ಡಿನಲ್ಲಿ ಅಷ್ಟು ಮೌನ ನಾನು ಕೇಳಿರಲಿಲ್ಲ. ಹೊರಗೆ ಸಾಹೇಬರ ಜೀಪು ಬಂದು ನಿಂತದ್ದು, ಅದರ ಬಾಗಿಲು ತೆರೆದದ್ದು ಕೂಡ ಸ್ಪಷ್ಟವಾಗಿ ಕೇಳಿತು. ಯಾರೂ ತಿರುಗಿ ನೋಡಲಿಲ್ಲ.

ಮೇಸ್ತ್ರಿ ಬೆಣೆ ಹಿಡಿದು ಸಂದಿ ಹುಡುಕುತ್ತಿದ್ದ.

"ಹೊಡಿ ಮೇಸ್ತ್ರಿ," ಅಂದಳು ದೊಡ್ಡಮ್ಮ. "ಎಲ್ಲಿ ಬೇಕಾದ್ರೂ ಹೊಡಿ. ಹೋಗೋ ಬೆರಳೆಲ್ಲ ಹೋಗಾಗಿದೆ."